ಒಂದು ಶವಯಾತ್ರೆ, ಮೂವರು ಕವಿಗಳು

1658ರ ನವೆಂಬರ್ 23ರಂದು ಲಂಡನ್ನಿನಲ್ಲಿ ಆಲಿವರ್ ಕ್ರಾಮ್‌ವೆಲ್ಲನ ಶವಯಾತ್ರೆ ನಡೆಯಿತು. ಅದರಲ್ಲಿ ಪಾಲ್ಗೊಳ್ಳಬೇಕಿದ್ದ ಸರ್ಕಾರಿ ಸೇವಕರ ಪಟ್ಟಿಯಲ್ಲಿ ಜಾನ್ ಮಿಲ್ಟನ್, ಆಂಡ್ರೂ ಮಾರ್ವೆಲ್ ಮತ್ತು ಜಾನ್ ಡ್ರೈಡನ್ ಎಂಬ ಮೂವರು ಕವಿಗಳ ಹೆಸರುಗಳಿದ್ದವು. ಒಂದೇ ಗಣರಾಜ್ಯದ ಸೇವೆಯಲ್ಲಿದ್ದ ಈ ಮೂವರ ದಾರಿಗಳು ಎರಡೇ ವರ್ಷಗಳಲ್ಲಿ ಕವಲೊಡೆದವು.

1660ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನವೇರಿದನು. ರಾಜಸತ್ತೆ ಮರಳುವ ಹೊಸ್ತಿಲಲ್ಲಿಯೂ ಗಣರಾಜ್ಯವನ್ನು ಸಮರ್ಥಿಸಿ ಬರೆದಿದ್ದ ಅಂಧ ಮಿಲ್ಟನ್ ತಲೆಮರೆಸಿಕೊಳ್ಳಬೇಕಾಯಿತು. ಅವನ ಗ್ರಂಥಗಳನ್ನು ಸುಡಲಾಯಿತು. ಅವನು ಕೆಲಕಾಲ ಸೆರೆವಾಸವನ್ನೂ ಅನುಭವಿಸಿದನು. ಆದರೂ ನಿಲುವು ಬದಲಿಸಲಿಲ್ಲ. ಸೋತ ಪಕ್ಷದ ಈ ಕವಿಯ 'ಪ್ಯಾರಡೈಸ್ ಲಾಸ್ಟ್' 1667ರಲ್ಲಿ ಪ್ರಕಟವಾಯಿತು.

ಮಾರ್ವೆಲ್ ಹಿಡಿದದ್ದು ನಡುದಾರಿ. ಹಲ್ ನಗರದ ಪ್ರತಿನಿಧಿಯಾಗಿ 1678ರಲ್ಲಿ ಸಾಯುವವರೆಗೂ ಸಂಸತ್ತಿನಲ್ಲಿದ್ದ ಅವನು, ಅರಸನನ್ನು ಒಪ್ಪಿಕೊಂಡೂ ಅರಸೊತ್ತಿಗೆಯ ನಿರಂಕುಶತೆಯನ್ನು ಒಪ್ಪಲಿಲ್ಲ. ಆಂಗ್ಲಿಕನ್ ಚರ್ಚಿನ ಹೊರಗಿದ್ದ ಪ್ರೊಟೆಸ್ಟೆಂಟರ ಪರವಾಗಿ ವಾದಿಸಿದನು. ಕ್ಯಾಥೊಲಿಕರಿಗೆ ಮಾತ್ರ ಆ ಔದಾರ್ಯವನ್ನು ತೋರಲಿಲ್ಲ. ಅನಾಮಧೇಯನಾಗಿ ಪ್ರಕಟಿಸಿದ ಅವನ ಕೃತಿಯೊಂದರ ಕರ್ತೃವನ್ನು ಹಿಡಿದುಕೊಟ್ಟವರಿಗೆ ಸರ್ಕಾರ ಬಹುಮಾನವನ್ನೇ ಘೋಷಿಸಿತ್ತು.

ಡ್ರೈಡನ್ನನದು ಬೇರೆಯ ಕಥೆ. 1659ರಲ್ಲಿ ಕ್ರಾಮ್‌ವೆಲ್ಲನನ್ನು ಕೊಂಡಾಡಿದ ಲೇಖನಿಯೇ ಮರುವರ್ಷ ಚಾರ್ಲ್ಸನನ್ನು ಸ್ವಾಗತಿಸಿತು. 1668ರಲ್ಲಿ ಅವನು ಆಸ್ಥಾನಕವಿಯಾದನು. 1682ರಲ್ಲಿ ಆಂಗ್ಲಿಕನ್ ಮತವನ್ನು ಸಮರ್ಥಿಸಿ ಕಾವ್ಯ ಬರೆದವನು, ಕ್ಯಾಥೊಲಿಕನಾದ ಎರಡನೆಯ ಜೇಮ್ಸ್ ಪಟ್ಟವೇರಿದ ಬಳಿಕ ತಾನೂ ಕ್ಯಾಥೊಲಿಕನಾದನು. ಗಾಳಿ ಬಂದತ್ತ ತೂರಿಕೊಳ್ಳುವವನೆಂದು ವಿರೋಧಿಗಳು ಹಳಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ಆರೋಪವನ್ನು 1688ರ ಕ್ರಾಂತಿ ಒರೆಗೆ ಹಚ್ಚಿತು. ಜೇಮ್ಸ್ ಪಲಾಯನ ಮಾಡಿದನು. ಪ್ರೊಟೆಸ್ಟೆಂಟ್ ಆಳ್ವಿಕೆ ಬಂದಿತು. ಮತ್ತೊಮ್ಮೆ ಮತ ಬದಲಿಸುವುದರಲ್ಲಿಯೇ ಲಾಭವಿದ್ದ ಕಾಲವದು. ಡ್ರೈಡನ್ ಬದಲಾಗಲಿಲ್ಲ, ಹೊಸ ಅರಸನಿಗೆ ನಿಷ್ಠೆಯ ಪ್ರಮಾಣವನ್ನೂ ಮಾಡಲಿಲ್ಲ. ಆಸ್ಥಾನಕವಿಯ ಪದವಿ ಕೈತಪ್ಪಿ, ಅವನೇ ಹಿಂದೆ ಲೇವಡಿ ಮಾಡಿದ್ದ ಥಾಮಸ್ ಶ್ಯಾಡ್‌ವೆಲ್ಲನ ಪಾಲಾಯಿತು. ನಾಟಕ ಮತ್ತು ಅನುವಾದಗಳಿಂದ ಜೀವನ ಸಾಗಿಸಿದ ಡ್ರೈಡನ್, ಕ್ಯಾಥೊಲಿಕನಾಗಿಯೇ 1700ರಲ್ಲಿ ತೀರಿಕೊಂಡನು.

ಕವಿಯ ಪ್ರಾಮಾಣಿಕತೆಯನ್ನು ಅವನು ಎಷ್ಟು ಬಾರಿ ಪಕ್ಷ ಬದಲಿಸಿದನೆಂಬ ಎಣಿಕೆಯಿಂದಷ್ಟೇ ಅಳೆಯಲಾಗದು. ಆಯಾ ನಿಲುವಿಗಾಗಿ ಅವನು ಏನನ್ನು ಕಳೆದುಕೊಳ್ಳಲು ಸಿದ್ಧನಿದ್ದನೆಂಬುದೂ ಪರಿಗಣನೀಯ. 1660ರಲ್ಲಿ ಮಿಲ್ಟನ್ ತೆತ್ತ ಬೆಲೆ ದೊಡ್ಡದು. ಡ್ರೈಡನ್ ತೆತ್ತದ್ದು ಅಷ್ಟು ಘೋರವಾದುದಲ್ಲ. ಆದರೆ ಅವನೂ ಬೆಲೆ ತೆತ್ತನೆಂಬುದನ್ನು ಸಾಹಿತ್ಯಚರಿತ್ರೆ ಮರೆಯಬಾರದು.