ಬಣ್ಣ ಯಾವ ಪದರದಲ್ಲಿದೆ? ಹಲ್ಲಿನ ಬಿಳುಪು ಚಿಕಿತ್ಸೆ ಕುರಿತು ಒಂದು ಟಿಪ್ಪಣಿ

ಹಲ್ಲು ಬಿಳುಪಾಗಿಸುವ ವಿಷಯ ಬಂದಾಗಲೆಲ್ಲ ಯಾವ ಪೇಸ್ಟು, ಯಾವ ಜೆಲ್, ಎಷ್ಟು ದಿನ ಎಂಬ ಚರ್ಚೆಯೇ ಮುಂದಾಗುತ್ತದೆ. ಬಣ್ಣ ಹಲ್ಲಿನ ಯಾವ ಪದರದಲ್ಲಿ ಕೂತಿದೆ ಎಂಬುದು ತೀರ್ಮಾನವಾಗದ ಹೊರತು ಈ ಯಾವ ಪ್ರಶ್ನೆಗೂ ಅರ್ಥವಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಕರ್ನಾಟಕದ ಮಟ್ಟಿಗೆ ಈ ವಾದಕ್ಕೆ ಹೆಚ್ಚಿನ ತೂಕವಿದೆ. ಎಲೆಯಡಿಕೆ, ಹೊಗೆಸೊಪ್ಪು ಹಲ್ಲಿನ ಮೇಲೆ ಹತ್ತಿಸುವ ಕೆಂಗಂದು ಬೇರೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ಫ್ಲೋರೈಡ್‌ನಿಂದ ಹಲ್ಲು ರೂಪುಗೊಳ್ಳುವಾಗಲೇ ಉಂಟಾಗುವ ದೋಷ ಬೇರೆ. ನೋಡುವ ಕಣ್ಣಿಗೆ ಎರಡೂ ಕಂದು. ಆದರೆ ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಒಗ್ಗದು.

ಹಲ್ಲಿನ ಹೊರಪದರವಾದ ಎನಾಮಲ್ ತೂಕದಲ್ಲಿ ಸುಮಾರು ಶೇ 96 ಭಾಗ ಖನಿಜ. ಅದು ಬೆಳಕನ್ನು ಅರ್ಧ ಹಾಯಗೊಡುವ ಪದರ. ಅದರ ಕೆಳಗಿನ ಡೆಂಟಿನ್ ಹಳದಿ. ಹಾಗಾಗಿ ಆರೋಗ್ಯವಂತ ಹಲ್ಲಿನಲ್ಲಿ ನಮಗೆ ಕಾಣುವ ಬಣ್ಣ ಬಹುಮಟ್ಟಿಗೆ ಒಳಗಿನ ಡೆಂಟಿನ್‌ನದೇ. ಕೋರೆಹಲ್ಲು ಪಕ್ಕದ ಬಾಚಿಹಲ್ಲಿಗಿಂತ ಹಳದಿಯಾಗಿರುವುದು ಸಹಜ. ವಯಸ್ಸಾದಂತೆ ಎನಾಮಲ್ ಸವೆದು ಡೆಂಟಿನ್ ದಪ್ಪವಾಗುತ್ತದೆ, ಹಳದಿ ಗಾಢವಾಗುತ್ತದೆ, ಇದೂ ರೋಗವಲ್ಲ. ಜಾಹೀರಾತಿನ ಕಾಗದದ ಬಿಳುಪು ಯಾವ ವಯಸ್ಸಿನ ಬಾಯಲ್ಲೂ ಹುಟ್ಟಿಬಂದದ್ದಲ್ಲ.

ಮೇಲ್ಮೈಯ ಕಲೆಯ ವಿಷಯ ಸರಳ. ಎಲೆಯಡಿಕೆ, ಚಹಾ, ಬೀಡಿಯ ಕರೆ ಮತ್ತು ಅದನ್ನು ಹಿಡಿದಿಟ್ಟುಕೊಳ್ಳುವ ಗಟ್ಟಿ ಪಾಚಿ ದಂತವೈದ್ಯರ ಸ್ಕೇಲಿಂಗ್, ಪಾಲಿಶಿಂಗ್‌ನಿಂದ ಹೋಗುತ್ತವೆ. ಇಲ್ಲಿ ಯಾವ ರಾಸಾಯನಿಕವೂ ಬೇಕಿಲ್ಲ. ತೊಂದರೆ ಶುರುವಾಗುವುದು ಅದೇ ಕೆಲಸವನ್ನು ಮನೆಯಲ್ಲಿ ದಿನವೂ ಉಜ್ಜಿ ಸಾಧಿಸಲು ಹೊರಟಾಗ. ಇಟ್ಟಿಗೆಪುಡಿ, ಬೂದಿ, ಬತ್ತದ ಹೊಟ್ಟಿನ ಇದ್ದಿಲು ಇವೆಲ್ಲ ಉಜ್ಜುಪುಡಿಗಳೇ. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೇರಳ. ಈಗ ಕಪ್ಪು ಟ್ಯೂಬಿನಲ್ಲಿ ದುಬಾರಿ ಬೆಲೆಗೆ ಬರುವ ಇದ್ದಿಲ ಪೇಸ್ಟು ಇದೇ ಕುಲದ್ದು. ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಇದ್ದಿಲಿನ ಸುರಕ್ಷತೆಗಾಗಲೀ ಬಿಳುಪಿನ ಭರವಸೆಗಾಗಲೀ ಸಾಕಷ್ಟು ಪುರಾವೆ ಇಲ್ಲವೆಂದಿತು. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಎನಾಮಲ್ ತೆಳುವಾದಷ್ಟೂ ಕೆಳಗಿನ ಹಳದಿ ಎದ್ದು ಕಾಣುತ್ತದೆ. ಅಂದರೆ ಬಿಳುಪಿಗೆಂದು ಉಜ್ಜಿದ್ದು ವರ್ಷಗಳ ಮೇಲೆ ಹಳದಿಯನ್ನೇ ಕೊಡುತ್ತದೆ. ನಿಂಬೆರಸದ ಕತೆಯೂ ಇಷ್ಟೇ. ಆಮ್ಲತೆಯ ಸೂಚಿ (pH) 5.5ರ ಸುಮಾರಿಗೆ ಇಳಿದರೆ ಎನಾಮಲ್ ಕರಗತೊಡಗುತ್ತದೆ. ನಿಂಬೆರಸದ್ದು 2ರಿಂದ 2.5ರ ಆಸುಪಾಸು.

ಕೆಲವು ಪೇಸ್ಟುಗಳು ಬ್ಲೂ ಕೊವರೀನ್ ಎಂಬ ನೀಲಿ ವರ್ಣಕವನ್ನು ಹಲ್ಲಿನ ಮೇಲೆ ತೆಳುವಾಗಿ ಬಿಟ್ಟುಹೋಗುತ್ತವೆ. ಬಿಳಿ ಪಂಚೆಗೆ ನೀಲಿ ಹಾಕಿದಂತೆ, ಹಳದಿ ಮರೆಯಾಗಿ ಬಿಳುಪು ಕಂಡಂತಾಗುತ್ತದೆ. ಹಾನಿಯೇನಿಲ್ಲ, ಬಾಳಿಕೆಯೂ ಇಲ್ಲ.

ಒಳಪದರದ ಬಣ್ಣವನ್ನು ಮುಟ್ಟುವುದು ಪೆರಾಕ್ಸೈಡ್ ಮಾತ್ರ. ಅದರ ಮನೆಬಳಕೆ ಹುಟ್ಟಿದ್ದು ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ವಕ್ರದಂತ ತಜ್ಞ ಬಿಲ್ ಕ್ಲುಸ್ಮಿಯರ್ ವಸಡಿನ ಗಾಯ ಮಾಗಲೆಂದು ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್ ಇದ್ದ ನಂಜುನಿವಾರಕವನ್ನು ಹಲ್ಲಿನ ಅಚ್ಚಿನೊಳಗೆ ಹಾಕಿ ರಾತ್ರಿ ಧರಿಸಲು ಕೊಡುತ್ತಿದ್ದರು. ವಸಡು ಮಾಗಿತು, ಜೊತೆಗೆ ಹಲ್ಲೂ ತಿಳಿಯಾಯಿತು. ಈ ಗಮನಿಕೆ ಶಾಸ್ತ್ರೀಯ ಲೇಖನವಾಗಿ ಎಲ್ಲರ ಕಣ್ಣಿಗೆ ಬಿದ್ದದ್ದು 1989ರಲ್ಲಿ, ಹೇವುಡ್ ಮತ್ತು ಹೇಮನ್ ಅದನ್ನು ಪ್ರಕಟಿಸಿದಾಗ. ಇಪ್ಪತ್ತು ವರ್ಷ ಒಂದು ಚಿಕಿತ್ಸೆ ಬಾಯಿಂದ ಬಾಯಿಗೆ ಮಾತ್ರ ಹರಡಿತ್ತು.

ಕಾರ್ಬಮೈಡ್ ಪೆರಾಕ್ಸೈಡ್ ಎಂದರೆ ಯೂರಿಯಾದೊಡನೆ ಕಟ್ಟಿಕೊಂಡ ಹೈಡ್ರೋಜನ್ ಪೆರಾಕ್ಸೈಡ್. ಡಬ್ಬಿಯ ಮೇಲೆ ಶೇ 10 ಎಂದಿದ್ದರೆ ಅದರಲ್ಲಿ ಕೆಲಸ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ 3.5 ಮಾತ್ರ. ಈ ಎರಡು ಅಂಕಿಗಳನ್ನು ಒಂದೇ ಎಂದು ಭಾವಿಸುವುದರಿಂದ ಎಡವಟ್ಟುಗಳಾಗುತ್ತವೆ. ಶೇ 35 ಎಂಬ ಬರಹ ಒಂದು ಜೆಲ್‌ನಲ್ಲಿ ಶೇ 12ರಷ್ಟು, ಇನ್ನೊಂದರಲ್ಲಿ ನಿಜಕ್ಕೂ ಶೇ 35 ಹೈಡ್ರೋಜನ್ ಪೆರಾಕ್ಸೈಡ್ ಆಗಿರಬಹುದು. ಚಿಕ್ಕ ಅಣುವಾದ್ದರಿಂದ ಅದು ಎನಾಮಲ್ ಹಾದು ಡೆಂಟಿನ್ ಸೇರುತ್ತದೆ, ನಿಮಿಷಗಳಲ್ಲೇ ನರ, ರಕ್ತನಾಳಗಳಿರುವ ತಿರುಳನ್ನೂ ತಲುಪುತ್ತದೆ. ಅದು ಒಡೆದಾಗ ಹುಟ್ಟುವ ಕ್ರಿಯಾಶೀಲ ಆಮ್ಲಜನಕ ಕಣಗಳು ಬಣ್ಣದ ದೊಡ್ಡ ಸಾವಯವ ಅಣುಗಳಲ್ಲಿರುವ ಜೋಡಿಬಂಧಗಳ ಸರಣಿಯನ್ನು ತುಂಡರಿಸುತ್ತವೆ. ಹೀಗೆ ಒಡೆದ ಅಣುಗಳು ಮೊದಲಿನಷ್ಟು ಬೆಳಕು ಹೀರುವುದಿಲ್ಲ. ಇಲ್ಲಿ ಬಣ್ಣ ಬದಲಾಗುತ್ತದೆಯೇ ಹೊರತು ಹಲ್ಲು ಸವೆಯುವುದಿಲ್ಲ. ಉಜ್ಜುಪುಡಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ದಂತವೈದ್ಯರ ಕುರ್ಚಿಯಲ್ಲೇ ಒಂದು ಗಂಟೆಯಲ್ಲಿ ಮುಗಿಸುವ ಪದ್ಧತಿಯಲ್ಲಿ ಶೇ 25ರಿಂದ 40ರ ಹೈಡ್ರೋಜನ್ ಪೆರಾಕ್ಸೈಡ್ ಬಳಕೆಯಲ್ಲಿದೆ. ಎದ್ದು ಬರುವಾಗ ಕಾಣುವ ಬೆರಗಿನ ಬಿಳುಪಿನಲ್ಲಿ ಒಂದು ಪಾಲು, ಬಾಯಿ ತೆರೆದೇ ಇದ್ದದ್ದರಿಂದ ಹಲ್ಲಿನ ತೇವ ಆರಿದ್ದರ ಫಲ. ತೇವ ಮರಳಿದಂತೆ ಅದು ಇಳಿಯುತ್ತದೆ, ಬಣ್ಣ ನೆಲೆನಿಲ್ಲಲು ಎರಡು ವಾರ ಬೇಕು. ಅಂದೇ ತೆಗೆದ ಚಿತ್ರವನ್ನು ಪುರಾವೆ ಎನ್ನಲಾಗದು. ನೀಲಿ ದೀಪದ ಬಗ್ಗೆಯೂ ಎಚ್ಚರವಿರಲಿ. ದೀಪವಿದ್ದರೂ ಇಲ್ಲದಿದ್ದರೂ ಕೆಲವು ವಾರಗಳ ಮೇಲಿನ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣದೆಂಬುದೇ ಹೆಚ್ಚಿನ ಸಮೀಕ್ಷೆಗಳ ನಿಲುವು. ಬಿಸಿಯ ಅಪಾಯವಂತೂ ಹಳೆಯ ಸಂಗತಿ: 1965ರಲ್ಲಿ ಜಾಕ್ ಮತ್ತು ಕೊಹೆನ್ ಕೋತಿಗಳ ಹಲ್ಲಿನ ಮೇಲೆ ನಡೆಸಿದ ಪ್ರಯೋಗದಲ್ಲಿ, ತಿರುಳಿನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಸುಮಾರು ಶೇ 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ.

ಆದ್ದರಿಂದ ನಿಧಾನದ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಹಲ್ಲಿನ ಅಳತೆ ತೆಗೆದು ಮಾಡಿಸಿದ ಅಚ್ಚು, ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್, ರಾತ್ರಿ ಹೊತ್ತು, ಎರಡು ಮೂರು ವಾರ. ಒಂದೊಂದು ಹಲ್ಲಿಗೆ ಚಿಕ್ಕ ಹನಿಯಷ್ಟು ಸಾಕು. ವಸಡಿಗೆ ಉಕ್ಕಿದ್ದನ್ನು ಒರೆಸಬೇಕು. ಮೂವರಲ್ಲಿ ಒಬ್ಬರಿಗಾದರೂ ತಣ್ಣೀರು ಕುಡಿದರೆ ಜುಮ್ಮೆನ್ನುವುದುಂಟು. ಒಂದೆರಡು ರಾತ್ರಿ ಬಿಟ್ಟು ಮಾಡಿದರೆ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟು ಬಳಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಹುಳುಕು, ಬಿರುಕು, ಬೇರು ತೆರೆದ ಹಲ್ಲು ಇದ್ದವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಬಸುರಿ, ಬಾಣಂತಿಯರು ಮುಂದೂಡುವುದೇ ರೂಢಿ. ಅಡಿಕೆ, ತಂಬಾಕು ಜಗಿಯುವವರ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಹಲ್ಲಿನ ಬಣ್ಣದ ಮಾತು ಬದಿಗಿಟ್ಟು ಮೊದಲು ಅದರ ಪರೀಕ್ಷೆಯಾಗಬೇಕು. ಕ್ಯಾಪ್, ಹಲ್ಲಿನ ಬಣ್ಣದ ಫಿಲ್ಲಿಂಗ್ ಬಿಳುಪಾಗುವುದಿಲ್ಲ. ಬದಲಿಸುವುದಿದ್ದರೆ ಚಿಕಿತ್ಸೆ ಮುಗಿದು ಎರಡು ವಾರ ಕಾಯಬೇಕು. ಹಲ್ಲಿನಲ್ಲಿ ಉಳಿದ ಆಮ್ಲಜನಕ ಹೊಸ ಫಿಲ್ಲಿಂಗ್ ಅಂಟಲು ಬಿಡುವುದಿಲ್ಲ.

ಬಾಯಲ್ಲಿ ಒಂದೇ ಹಲ್ಲು ಕಪ್ಪಾಗಿದ್ದರೆ ಪೆಟ್ಟು ಬಿದ್ದು ತಿರುಳು ಸತ್ತಿರುವ ಶಂಕೆ ಮೊದಲು ಬರಬೇಕು. ಎಕ್ಸ್‌ರೇ ತೆಗೆಸಿ, ಬೇಕಿದ್ದರೆ ಬೇರುನಾಳ ಚಿಕಿತ್ಸೆ ಮಾಡಿಸಿದ ಮೇಲೆ ಬಿಳುಪಿನ ಔಷಧಿಯನ್ನು ಹಲ್ಲಿನ ಒಳಗಡೆಯಿಂದಲೇ ಇಡುವ ಪದ್ಧತಿಯಿದೆ. ಆದರೆ ಹೀಗೆ ಬಿಳುಪಾಗಿಸಿದ ಹಲ್ಲುಗಳ ಬೇರು ಕತ್ತಿನ ಬಳಿ ಕರಗಿದ ಪ್ರಕರಣಗಳನ್ನು ಹ್ಯಾರಿಂಗ್ಟನ್ ಮತ್ತು ನಾಟ್ಕಿನ್ 1979ರಲ್ಲೇ ದಾಖಲಿಸಿದ್ದಾರೆ.

ಇನ್ನು ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದಾಗುವ ಹಲ್ಲಿನ ದೋಷ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ ಯುವ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿಯೇ ಬೆಳೆದವರ ಹಲ್ಲಿನ ಕಂದು ಕಲೆಯ ಬೆನ್ನುಹತ್ತಿದರು. ಕಾರಣ ನೀರಿನ ಫ್ಲೋರೈಡ್ ಎಂಬುದು ಖಚಿತವಾದದ್ದು 1931ರಲ್ಲಿ. ಭಾರತದಲ್ಲಿ ಕುಡಿಯುವ ನೀರಿನ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದ ಕಡೆ 1.5ರವರೆಗೆ. ಹಲ್ಲು ವಸಡಿನೊಳಗೆ ಕಟ್ಟಿಕೊಳ್ಳುತ್ತಿರುವ ಎಳೆವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಒಳಹೋದರೆ ಎನಾಮಲ್ ಸರಂಧ್ರವಾಗುತ್ತದೆ, ಸುಣ್ಣದಂಥ ಬಿಳಿ ಪಟ್ಟೆಗಳು ಮೂಡುತ್ತವೆ. ಕಂದು ಬಣ್ಣ ಮಾತ್ರ ಆಮೇಲಿನದು: ಹಲ್ಲು ಹೊರಬಂದ ಮೇಲೆ ಆ ರಂಧ್ರಗಳು ಹೊರಗಿನ ಬಣ್ಣ ಹೀರಿಕೊಂಡದ್ದು. ಪೆರಾಕ್ಸೈಡ್ ಕಂದನ್ನು ತಿಳಿಗೊಳಿಸಬಲ್ಲದು, ಬಿಳಿ ಪಟ್ಟೆಯನ್ನು ತೆಗೆಯಲಾರದು. ಮೊದಲ ದಿನಗಳಲ್ಲಿ ಪಟ್ಟೆ ಇನ್ನಷ್ಟು ಎದ್ದು ಕಾಣುವುದೂ ಉಂಟು. ಇದನ್ನು ಮುಂಚೆಯೇ ಹೇಳದಿದ್ದರೆ ಬಂದವರು ಗಾಬರಿಯಾಗುತ್ತಾರೆ. ಮೇಲ್ಪದರದ ಕಲೆಗೆ ಆಮ್ಲ ಮತ್ತು ಉಜ್ಜುಪುಡಿ ಸೇರಿಸಿ ಕೂದಲೆಳೆಯಷ್ಟು ಎನಾಮಲ್ ತೆಗೆಯುವ ಸೂಕ್ಷ್ಮ ಉಜ್ಜುವಿಕೆ ಇದೆ. ಕ್ರೋಲ್ ಮತ್ತು ಕ್ಯಾವನಾ 1986ರಲ್ಲಿ ಅದಕ್ಕೆ ಕ್ರಮ ತಂದರು. ಬಿಳಿ ಪಟ್ಟೆಗೆ ತೆಳು ರಾಳವನ್ನು ರಂಧ್ರಗಳಿಗೆ ಇಳಿಸುವ ಕ್ರಮ ಬಂದಿದೆ. ದೋಷ ಆಳವಾಗಿ ಎನಾಮಲ್ ಕಿತ್ತುಹೋಗಿದ್ದರೆ ಇವು ಯಾವುವೂ ಸಾಲವು.

ವಯಸ್ಸಿನ ಪ್ರಶ್ನೆ ಇಲ್ಲಿ ತೊಡಕಾಗುತ್ತದೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದಂತೆ ಶೇ 0.1ಕ್ಕಿಂತ ಹೆಚ್ಚು, ಶೇ 6ರವರೆಗಿನ ಹೈಡ್ರೋಜನ್ ಪೆರಾಕ್ಸೈಡ್ ದಂತವೈದ್ಯರ ಮೂಲಕವೇ ಸಿಗಬೇಕು, 18 ತುಂಬದವರಿಗೆ ಬಳಸುವಂತಿಲ್ಲ. ಬ್ರಿಟನ್ನಿನ ದಂತವೈದ್ಯ ಪರಿಷತ್ತು ಆಮೇಲೆ, ರೋಗದ ಚಿಕಿತ್ಸೆಗೇ ಆದರೆ ಇದಕ್ಕೆ ವಿನಾಯಿತಿ ಉಂಟೆಂದು ಸ್ಪಷ್ಟಪಡಿಸಿತು. ಶೋಕಿಯ ಬಿಳುಪಿಗೆ ಹಾಕಿದ ಗೆರೆ, ನೀರಿನಿಂದ ಹಲ್ಲು ಕೆಟ್ಟ ಶಾಲೆಯ ಹುಡುಗಿಗೆ ಅಡ್ಡ ಬರಬಾರದು ಎಂಬುದೇ ನನಗೂ ಸರಿ ಕಾಣುತ್ತದೆ. ಅಂಥವಳಿಗೆ ಸೂಕ್ಷ್ಮ ಉಜ್ಜುವಿಕೆಯಿಂದ ಆರಂಭಿಸಿ, ಸಾಲದಿದ್ದರೆ ಮಾತ್ರ ವೈದ್ಯರ ಕಣ್ಣಳತೆಯಲ್ಲಿ ಶೇ 10ರ ಜೆಲ್‌ಗೆ ಹೋಗಬಹುದು. ಅವಳ ಚಿಕಿತ್ಸೆಯ ಚೀಟಿಯಲ್ಲೇ, ಮನೆಯ ಸಣ್ಣ ಮಕ್ಕಳು ಯಾವ ಕೊಳವೆಬಾವಿಯ ನೀರು ಕುಡಿಯುತ್ತಿದ್ದಾರೆ, ಅದರ ಫ್ಲೋರೈಡ್ ಪರೀಕ್ಷೆ ಆಗಿದೆಯೇ ಎಂಬುದನ್ನೂ ಬರೆದುಕೊಳ್ಳಬೇಕು. ಆ ಮಕ್ಕಳ ಹಲ್ಲು ಇನ್ನೂ ವಸಡಿನೊಳಗೇ ಇದೆ.