ತೋನ್ಸೆಪಾರಿನ ಕಲ್ಲು, ಮಲ್ಪೆಯ ಕಡಲು

ವಾಸ್ಕೋ ಡ ಗಾಮ 1498ರಲ್ಲಿ ಭಾರತಕ್ಕೆ ಜಲಮಾರ್ಗ ಕಂಡುಹಿಡಿದನೆಂದು ಇಪ್ಪತ್ತೈದು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಅವನ ಹೆಸರಿಗೆ ಅಂಟಿಕೊಂಡಿರುವ ಸೇಂಟ್ ಮೇರೀಸ್ ದ್ವೀಪವನ್ನು ಮಾತ್ರ ನೋಡಿರಲಿಲ್ಲ. ಈ ಸಲ ಉಡುಪಿಗೆ ಹೋದವಳು ಧೈರ್ಯ ಮಾಡಿ ಮಲ್ಪೆಯಲ್ಲಿ ದೋಣಿ ಹತ್ತಿಯೇಬಿಟ್ಟೆ.

ಊರವರ ಬಾಯಲ್ಲಿ ಅದು ತೋನ್ಸೆಪಾರ್. ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದರೆ, ಯಾರೋ ಬಡಗಿ ಅಳತೆಯಿಟ್ಟು ಕೊರೆದು ಒತ್ತಾಗಿ ನಿಲ್ಲಿಸಿದಂಥ ಕಲ್ಲುಕಂಬಗಳು. ಐದು ಮೂಲೆ, ಆರು ಮೂಲೆ, ಕೆಲವಕ್ಕೆ ಏಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬಿರಿದು ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಬತ್ತಿದ ಕೆರೆಯ ಕೆಸರು ಬಿರಿಯುತ್ತದಲ್ಲ, ಹಾಗೆಯೇ ಆರುತ್ತಾ ಕುಗ್ಗಿ, ಸೀಳಿ, ಕಂಬಗಳಾಗಿದೆ.

ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಇಲ್ಲೇ ಎಂದು ದೋಣಿಯಲ್ಲಿ ಒಬ್ಬರು ಹೇಳಿದರು. ಆ ಯಾನದ ದಿನಚರಿ ಹಾಗೆನ್ನುವುದಿಲ್ಲ. 1498ರ ಮೇ ತಿಂಗಳಲ್ಲಿ ಅವನು ಮುಟ್ಟಿದ್ದು ಕಲ್ಲಿಕೋಟೆಯ ತೀರ. ಸೆಪ್ಟೆಂಬರಿನಲ್ಲಿ ಹಿಂತಿರುಗುವಾಗ ಈ ಕರಾವಳಿಯ ದ್ವೀಪವೊಂದರಲ್ಲಿ 'ಸಾಂತ ಮರಿಯ' ಎಂಬ ಕಂಬ ನೆಡಿಸಿದ. ಕಂಬಗಳ ದ್ವೀಪಕ್ಕೆ ಇನ್ನೊಂದು ಕಂಬ! ಅರಬ್ಬೀ ಸಮುದ್ರವನ್ನು ದಾಟಿಸಿದ್ದಾದರೂ ಆಫ್ರಿಕದ ಮಾಲಿಂದಿಯಲ್ಲಿ ಹಡಗು ಹತ್ತಿದ, ದಾರಿ ಬಲ್ಲ ಮಾರ್ಗದರ್ಶಿ. ಇನ್ನು 'ಕಂಡುಹಿಡಿದ' ಎಂದು ಹೇಗೆ ಬರೆಸಲಿ? ಅದಕ್ಕೂ ಇನ್ನೂರು ವರ್ಷ ಮುಂಚೆಯೇ ದ್ವಾರಕೆಯ ಕಡೆಯ ಹಡಗಿನ ಗೋಪೀಚಂದನದ ಹೆಂಟೆಯಲ್ಲಿ ಮಧ್ವಾಚಾರ್ಯರಿಗೆ ಉಡುಪಿಯ ಕೃಷ್ಣ ದೊರೆತನೆಂಬ ಕಥೆ ಇದೇ ಮಲ್ಪೆ ತೀರದ್ದು. ಕಥೆಯೆಂದೇ ಇಟ್ಟುಕೊಳ್ಳೋಣ, ಹಡಗುಗಳು ಬರುತ್ತಿದ್ದುದನ್ನು ಕಂಡ ಜನರ ಕಥೆ ತಾನೇ?

ಸಂಜೆ ಬಂದರಿನಲ್ಲಿ ಮೀನಿನ ಬುಟ್ಟಿ ಮುಂದಿಟ್ಟು ಕುಳಿತ ಹೆಂಗಸೊಬ್ಬರೊಡನೆ ಮಾತಿಗಿಳಿದೆ. ನಾನು ಇತಿಹಾಸದ ಟೀಚರ್ ಎಂದದ್ದಕ್ಕೆ ಅವರು ಹೇಳಿದ ಇಸವಿ 1498 ಅಲ್ಲ, 2018. ಆ ಡಿಸೆಂಬರ್ 13ರಂದು ಇಲ್ಲಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಬಳಿ, ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು ದೋಣಿಯ ಅವಶೇಷ. ಆ ನಡುವಿನ ನಾಲ್ಕೂವರೆ ತಿಂಗಳು ಆ ಏಳು ಮನೆಗಳ ಹೆಂಗಸರು ಹೇಗೆ ಕಳೆದರೋ.

"ಗಾಳಿ ಎದ್ದರೆ ಈಗಲೂ ಫೋನು ಕೈಯಲ್ಲೇ ಇರ್ತದೆ ಟೀಚರ್" ಎಂದರು. ಅವರ ಮಗ ಕಡಲಿಗೆ ಹೋಗಿ ಆರು ದಿನವಾಗಿತ್ತಂತೆ. ಇನ್ನು ನಾಲ್ಕು ದಿನ ಎಂದು ಬೆರಳು ಮಡಿಚಿ, ಬಂಗುಡೆಯ ಬೆಲೆ ಕೇಳಿದವರ ಕಡೆ ತಿರುಗಿದರು.