ಕಾರಾಪುರದ ಹುಡುಗ ಮತ್ತು ಯುದ್ಧದ ಫಿಲಂ ಸುರುಳಿಗಳು

ಎರಡನೆಯ ಮಹಾಯುದ್ಧದ ಕಪ್ಪು-ಬಿಳುಪು ದೃಶ್ಯಗಳನ್ನು ದೂರದರ್ಶನದಲ್ಲಿ ನೀವು ನೋಡಿಯೇ ಇರುತ್ತೀರಿ. ವಿಮಾನದ ಹೊಟ್ಟೆಯಿಂದ ಬಾಂಬುಗಳು ಸಾಲಾಗಿ ಉದುರುತ್ತವೆ, ಕೆಳಗೆ ಹೊಗೆ ಏಳುತ್ತದೆ, ಗುಡುಗಿನಂಥ ಸದ್ದು ಕೇಳುತ್ತದೆ. ಆ ಸದ್ದನ್ನು ನಂಬಬೇಡಿ. ಸೈನಿಕ ಛಾಯಾಗ್ರಾಹಕರು ರಣರಂಗದಲ್ಲಿ ತೆಗೆದ ಫಿಲಂಗಳಲ್ಲಿ ಬಹುಪಾಲು ಮೂಕ. ಸದ್ದು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಕೆಲವೊಮ್ಮೆ ದೃಶ್ಯವನ್ನೂ ಪ್ರಶ್ನಿಸಬೇಕಾಗುತ್ತದೆ. ಎಲ್ ಅಲಮೀನ್ ಕದನವನ್ನು ತೋರಿಸುವ 1943ರ ಪ್ರಸಿದ್ಧ ಸಾಕ್ಷ್ಯಚಿತ್ರ 'ಡೆಸರ್ಟ್ ವಿಕ್ಟರಿ'ಯಲ್ಲಿ ರಾತ್ರಿಯ ಕೆಲವು ದೃಶ್ಯಗಳು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ನಟಿಸಿ ತೆಗೆದವು.

ಹಾಗಾದರೆ ಇಂಥ ಫಿಲಂ ಅನ್ನು ಇತಿಹಾಸದ ಆಕರವಾಗಿ ಓದುವುದು ಹೇಗೆ? ಅದು ಇಷ್ಟು ಕಾಲ ಉಳಿದದ್ದಾದರೂ ಹೇಗೆ? ಇದನ್ನು ತಿಳಿಯಲು ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಿಂದ ಹೊರಡೋಣ.

1924ರಲ್ಲಿ ಅಲ್ಲಿನ ಮಾವುತನೊಬ್ಬನ ಮನೆಯಲ್ಲಿ ಹುಟ್ಟಿದ ಹುಡುಗ ಸಾಬು. 1930ರ ದಶಕದ ನಡುವಿನಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರಿಗೆ ಬಂದಾಗ ಈ ಹುಡುಗನೇ ನಾಯಕನಾದ. 1937ರಲ್ಲಿ ತೆರೆಕಂಡ ಆ ಚಿತ್ರ 'ಎಲಿಫೆಂಟ್ ಬಾಯ್'. ಫ್ಲಾಹರ್ಟಿ ಇಲ್ಲಿ ಸುಮಾರು 55 ಗಂಟೆಗಳಷ್ಟು ಚಿತ್ರಿಸಿದನೆಂದು ಹೇಳುತ್ತಾರೆ. ಇದನ್ನು ವಿದ್ಯಾರ್ಥಿಗಳಿಗೆ ಲೆಕ್ಕವಾಗಿ ಕೊಡಿ. 35 ಮಿ.ಮೀ. ಫಿಲಂನ ಒಂದು ಅಡಿಯಲ್ಲಿ 16 ಫ್ರೇಮುಗಳು. ಸೆಕೆಂಡಿಗೆ 24 ಫ್ರೇಮು ಓಡಿದರೆ ನಿಮಿಷಕ್ಕೆ 90 ಅಡಿ. 55 ಗಂಟೆಗೆ ಹತ್ತಿರ ಹತ್ತಿರ ಮೂರು ಲಕ್ಷ ಅಡಿ! ಚಿತ್ರಮಂದಿರಕ್ಕೆ ಬಂದದ್ದು ಮಾತ್ರ ಸುಮಾರು 80 ನಿಮಿಷ.

ಸಾಬು ಹಾಲಿವುಡ್ ಸೇರಿ, 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಅಲ್ಲಿನ ಸೇನೆಯ ವಾಯುಪಡೆಗೆ ಸೇರಿದ. ಪೆಸಿಫಿಕ್ ರಂಗದಲ್ಲಿ 307ನೆಯ ಬಾಂಬರ್ ಗುಂಪಿನ ಬಿ-24 ವಿಮಾನಗಳಲ್ಲಿ ಮೆಷಿನ್‌ಗನ್ ಹಿಡಿದು ಕುಳಿತ. 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಪದಕವೂ ಅವನಿಗೆ ದೊರೆಯಿತು. ಆನೆಯ ಕುತ್ತಿಗೆಯ ಮೇಲೆ ಕುಳಿತು ಕ್ಯಾಮೆರಾ ಎದುರಿಸಿದ್ದವನು ಏಳೆಂಟು ವರ್ಷಗಳಲ್ಲಿ, ಕ್ಯಾಮೆರಾಗಳನ್ನು ಆಯುಧಗಳ ಜೊತೆಗೇ ಹೊತ್ತೊಯ್ಯುವ ವಾಯುಪಡೆಯಲ್ಲಿದ್ದ.

ಸೇನೆಗೆ ಕ್ಯಾಮೆರಾ ಏಕೆ ಬೇಕಿತ್ತು? ಪ್ರಚಾರ ಒಂದು ಕಾರಣ ಅಷ್ಟೆ. ಬಾಂಬು ಗುರಿಗೆ ತಾಗಿತೆ, ಶತ್ರುವಿಮಾನ ನಿಜವಾಗಿ ಬಿತ್ತೆ ಎಂದು ಪರೀಕ್ಷಿಸಬೇಕಿತ್ತು. ಯುದ್ಧವಿಮಾನಗಳಲ್ಲಿ ಗನ್ನಿನ ಕುದುರೆ ಒತ್ತಿದೊಡನೆ ತಾನೂ ಓಡತೊಡಗುವ 16 ಮಿ.ಮೀ. ಕ್ಯಾಮೆರಾ ಇರುತ್ತಿತ್ತು. ಛಾಯಾಗ್ರಾಹಕರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಗಡಿಯಾರದಂತೆ ಕೀಲಿ ಕೊಟ್ಟು ನಡೆಸುವ 'ಐಮೊ' ಕ್ಯಾಮೆರಾ. ಅದರಲ್ಲಿ ಹಿಡಿಯುತ್ತಿದ್ದುದು 100 ಅಡಿಯ ಸುರುಳಿ. ಮೇಲಿನ ಲೆಕ್ಕದಂತೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಯುದ್ಧದ ದೃಶ್ಯಗಳು ತುಂಡುತುಂಡಾಗಿರುವುದಕ್ಕೆ ಇದೂ ಒಂದು ಕಾರಣ. ಅಂಥ ಒಂದು ತುಣುಕಿನಲ್ಲಿ ಬಿ-24 ಕಂಡೊಡನೆ 'ಇದೇ ನಮ್ಮ ಸಾಬುವಿನ ವಿಮಾನ' ಎಂದು ತೀರ್ಮಾನಿಸಬಾರದು. ಬಾಲದ ಮೇಲಿನ ಸಂಖ್ಯೆ, ಗುಂಪಿನ ಗುರುತು, ಸುರುಳಿಯ ಆರಂಭದ ಹಲಗೆಯ ಬರಹ, ದಿನಾಂಕ ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು.

ಈಗ ಫಿಲಂನ ರಸಾಯನ ವಿಜ್ಞಾನಕ್ಕೆ ಬರೋಣ; ನನಗೆ ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯವೆನಿಸುವುದು ಇದೇ. ಎಚ್.ಡಿ. ಕೋಟೆಯ ರೈತರು ಬೆಳೆಯುವ ಹತ್ತಿ ಬಹುತೇಕ ಶುದ್ಧ ಸೆಲ್ಯುಲೋಸ್. ಅದನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದೊಡನೆ ವರ್ತಿಸುವಂತೆ ಮಾಡಿದರೆ ಸೆಲ್ಯುಲೋಸ್ ನೈಟ್ರೇಟ್ ದೊರೆಯುತ್ತದೆ. ನೈಟ್ರೋಜನ್ ಪ್ರಮಾಣ ಹೆಚ್ಚಿದ್ದರೆ ಅದು ಗನ್‌ಕಾಟನ್. ನೈಟ್ರೋಗ್ಲಿಸರಿನ್ ಜೊತೆ ಸೇರಿ ಕಾರ್ಡೈಟ್ ಎಂಬ ಮದ್ದಾಗುತ್ತದೆ. ದೂರವೇನಲ್ಲ, ನೀಲಗಿರಿಯ ಅರವಂಕಾಡಿನಲ್ಲಿ ಅದರ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಇದೆ. ನೈಟ್ರೋಜನ್ ಕಡಿಮೆಯಿದ್ದರೆ ಅದೇ ವಸ್ತು ಪಾರದರ್ಶಕ ಪಟ್ಟಿಯಾಗಿ, ಸಿನಿಮಾ ಫಿಲಂ ಆಗುತ್ತದೆ. ಗುಂಡನ್ನು ಹಾರಿಸಿದ್ದೂ ಅದನ್ನು ಚಿತ್ರಿಸಿಕೊಂಡದ್ದೂ ಒಂದೇ ಹತ್ತಿಯ ಕುಲ!

ಈ ಫಿಲಂಗೆ ಉರಿಯಲು ಗಾಳಿಯ ಹಂಗಿಲ್ಲ. ಬೇಕಾದ ಆಕ್ಸಿಜನ್ ಅದರ ಅಣುವಿನಲ್ಲೇ ಇದೆ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. 2003ರ ಜನವರಿಯಲ್ಲಿ ಪುಣೆಯ ದಾಸ್ತಾನು ಕೋಣೆಯಲ್ಲಿ ಬೆಂಕಿ ಬಿದ್ದು, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲಂಗಳು ಹೀಗೆಯೇ ನಾಶವಾದವು.

ಇದಕ್ಕೆ ಪರಿಹಾರವೆಂದು 1948ರಲ್ಲಿ ಕೊಡಕ್ ಸಂಸ್ಥೆ ಸೆಲ್ಯುಲೋಸ್ ಟ್ರೈಅಸಿಟೇಟ್ ಫಿಲಂ ತಂದಿತು. ಸುಲಭವಾಗಿ ಹೊತ್ತಿಕೊಳ್ಳದ ಅದಕ್ಕೆ 'ಸೇಫ್ಟಿ ಫಿಲಂ' ಎಂಬ ಹೆಸರು. ಆದರೆ ಹತ್ತು ವರ್ಷ ತುಂಬುವ ಮೊದಲೇ ದೂರು ಬಂತು. ಮೊದಲ ದೂರು ಎಲ್ಲಿಂದ ಬಲ್ಲಿರಾ? ಭಾರತ ಸರ್ಕಾರದಿಂದ. ನಮ್ಮ ಸೆಕೆ ಮತ್ತು ತೇವದಲ್ಲಿ ಇಟ್ಟ ಸುರುಳಿಗಳು ಹಾಳಾಗತೊಡಗಿದ್ದವು. ತೇವಾಂಶ ಅಸಿಟೇಟನ್ನು ಒಡೆದಾಗ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿ, ಹೊರಬರುತ್ತದೆ. ಆ ಆಮ್ಲವೇ ವೇಗವರ್ಧಕವಾಗಿ ಉಳಿದ ಅಣುಗಳನ್ನು ಒಡೆಯುತ್ತದೆ. ಫಿಲಂ ಸುಕ್ಕುಗಟ್ಟಿ, ಕುಗ್ಗಿ, ಕೊನೆಗೆ ಪುಡಿಯಾಗುತ್ತದೆ. ಇದಕ್ಕೆ 'ವಿನೆಗರ್ ರೋಗ' ಎನ್ನುತ್ತಾರೆ.

ತಂಪು ಮತ್ತು ಒಣ ಹವೆ ಇದ್ದರೆ ಫಲ ಬೇರೆ. 1943ರಲ್ಲಿ ವಿಲಿಯಂ ವೈಲರ್‌ನ ತಂಡ ಯುರೋಪಿನ ಆಕಾಶದಲ್ಲಿ ಬಾಂಬರುಗಳೊಳಗಿಂದ ತೆಗೆದ 16 ಮಿ.ಮೀ. ಬಣ್ಣದ ಸುರುಳಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದುಕೊಂಡವು. 2018ರಲ್ಲಿ ಅವುಗಳಿಂದ ಹೊಸ ಸಾಕ್ಷ್ಯಚಿತ್ರವನ್ನೇ ಕಟ್ಟಲು ಸಾಧ್ಯವಾಯಿತು. ಸಾಬು ಕುಳಿತಿದ್ದಂಥ ವಿಮಾನಗಳ ಒಳಭಾಗ, ಅಲ್ಲಿನ ಕೊರೆಯುವ ಚಳಿ, ಹುಡುಗರ ಮುಖ ಇವನ್ನು ಅರಿಯಲು ಇಂಥ ಸುರುಳಿಗಳೇ ಗತಿ. ಸಾಬು 1963ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡ. ಕಾಕನಕೋಟೆ ಕಾಡಿನ ಒಂದು ಭಾಗ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಮುಳುಗಿತು. ಅವನ ಬಾಲ್ಯದ ಆ ನದಿದಂಡೆ ಕಾಣಬೇಕಾದರೂ ಹಳೆಯ ಫಿಲಂ ಅನ್ನೇ ನೋಡಬೇಕು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಕಡೆಯ ಮಾಜಿ ಸೈನಿಕರ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಹಳೆಯ ನೆಗೆಟಿವ್‌ಗಳೋ ಸಣ್ಣ ಸುರುಳಿಯೋ ಇದ್ದರೆ ಒಮ್ಮೆ ತೆರೆದು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಅದನ್ನು ಉಳಿದವುಗಳಿಂದ ಬೇರೆ ಇಡಿ, ಏಕೆಂದರೆ ಅದರ ಆವಿ ಪಕ್ಕದವನ್ನೂ ಕೆಡಿಸುತ್ತದೆ. ಅಂಚಿನಲ್ಲಿ 'ಸೇಫ್ಟಿ' ಎಂದು ಮುದ್ರಿಸಿದೆಯೇ ನೋಡಿ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಸಾಹಸ ಮಾತ್ರ ಬೇಡ. ಟ್ರಂಕನ್ನು ಹೆಂಚಿನ ಕೆಳಗಿನ ಅಟ್ಟದಲ್ಲಾಗಲಿ ತಂಬಾಕಿನ ಬ್ಯಾರನ್ ಗೋಡೆಯ ಪಕ್ಕದಲ್ಲಾಗಲಿ ಇಡದೆ, ಮನೆಯಲ್ಲಿ ಅತ್ಯಂತ ತಂಪಾದ, ಒಣಗಿದ ಕೋಣೆಗೆ ಸಾಗಿಸಿ.